ಅಧಿರಥನ ಮಗ

ಮಹಾಭಾರತದ ವೀರರಲ್ಲಿ ಕರ್ಣನಷ್ಟು ಕನ್ನಡಿಗರ ಮನಸ್ಸನ್ನು ಸೆಳೆದವರು ವಿರಳ. ಹತ್ತನೆಯ ಶತಮಾನದ ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಆ ಕಾವ್ಯದ ನಾಯಕನು ಅರ್ಜುನ. ಆದರೂ ಕರ್ಣನ ಪ್ರಸಂಗ ಬಂದೆಡೆಯಲ್ಲೆಲ್ಲ ಕವಿಯ ಹೃದಯ ಎದುರಾಳಿಯ ಕಡೆಗೇ ಒಲಿಯುತ್ತದೆ. ಗದುಗಿನ ಕುಮಾರವ್ಯಾಸನೂ ಕರ್ಣನ ವಿಷಯದಲ್ಲಿ ಕರುಣೆಯನ್ನು ಅಡಗಿಸಿಕೊಂಡವನಲ್ಲ. ಇಂದಿಗೂ ಯಕ್ಷಗಾನದ ರಂಗಸ್ಥಳದಲ್ಲಿ ಕರ್ಣನ ಅವಸಾನದ ಪ್ರಸಂಗ ನಡೆಯುವಾಗ ಪ್ರೇಕ್ಷಕರಲ್ಲಿ ಕಣ್ಣೊರೆಸಿಕೊಳ್ಳುವವರು ಹಲವರು.

ಆದರೆ ನಾವು ಕರ್ಣನನ್ನು ನೆನೆಯುವುದು ಅವನ ದಾನಗುಣಕ್ಕಾಗಿ, ಇಲ್ಲವೆ ಅವನ ದುರ್ಮರಣಕ್ಕಾಗಿ. ಸೂರ್ಯನ ಮಗನಾಗಿದ್ದೂ, ಕುಂತಿಯ ಹಿರಿಯ ಮಗನಾಗಿದ್ದೂ ಅವನಿಗೆ ದಕ್ಕದೆ ಹೋದ ರಾಜ್ಯಕ್ಕಾಗಿ ನಾವು ಮರುಗುತ್ತೇವೆ. ಅವನಿಗೆ ದಕ್ಕಿದ್ದು ಏನು ಎಂದು ಕೇಳುವವರು ಕಡಿಮೆ. ವ್ಯಾಸಭಾರತದಲ್ಲಿ ಅವನ ಬಾಲ್ಯದ ವೃತ್ತಾಂತ ಒಂದೆಡೆ ಸಿಗುವುದಿಲ್ಲ. ಆದಿಪರ್ವದಲ್ಲಿ ಸ್ವಲ್ಪ, ವನಪರ್ವದಲ್ಲಿ ಹೆಚ್ಚು, ಉದ್ಯೋಗ ಮತ್ತು ಶಾಂತಿಪರ್ವಗಳಲ್ಲಿ ಇನ್ನಷ್ಟು ಎಂಬಂತೆ ಅದು ಚದರಿಹೋಗಿದೆ. ಈ ತುಣುಕುಗಳನ್ನು ಜೋಡಿಸಿ ನೋಡಿದಾಗ ಕರ್ಣನ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇಬ್ಬರು ಸಾಮಾನ್ಯರ ಮುಖಗಳು ಕಾಣುತ್ತವೆ.

ಕಥೆ ಆರಂಭವಾಗುವುದು ಕರ್ಣನಿಂದಲ್ಲ, ಅವನನ್ನು ಹೆತ್ತ ತಾಯಿಯಿಂದ. ಯಾದವರ ಶೂರನೆಂಬ ಅರಸನಿಗೆ ಪೃಥೆ ಎಂಬ ಮಗಳಿದ್ದಳು. ಶ್ರೀಕೃಷ್ಣನ ತಂದೆಯಾದ ವಸುದೇವನಿಗೆ ಈಕೆ ಸೋದರಿ. ಶೂರನ ಸೋದರತ್ತೆಯ ಮಗನಾದ ಕುಂತಿಭೋಜನಿಗೆ ಮಕ್ಕಳಿರಲಿಲ್ಲ. ಮೊದಲೇ ಕೊಟ್ಟಿದ್ದ ಮಾತಿನಂತೆ ಶೂರನು ತನ್ನ ಹಿರಿಯ ಮಗಳನ್ನು ಅವನಿಗೆ ಒಪ್ಪಿಸಿದನು. ಅಂದಿನಿಂದ ಪೃಥೆ ಕುಂತಿಯಾದಳು. ಕೈಯಲ್ಲಿ ಚೆಂಡು ಹಿಡಿದು ಆಡುತ್ತಿದ್ದ ವಯಸ್ಸಿನಲ್ಲಿ ತಂದೆ ತನ್ನನ್ನು ಪರರಿಗೆ ಕೊಟ್ಟುಬಿಟ್ಟನೆಂಬ ನೋವನ್ನು ಆಕೆ ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ಯುದ್ಧಕ್ಕೆ ಮುನ್ನ ಸಂಧಿಗಾಗಿ ಬಂದ ಕೃಷ್ಣನ ಮುಂದೆ ಅದನ್ನು ಹೇಳಿಕೊಳ್ಳುತ್ತಾಳೆ. ಹೆತ್ತ ಮಗುವನ್ನು ಹೊಳೆಗೆ ಬಿಟ್ಟವಳೆಂದು ಕುಂತಿಯನ್ನು ದೂಷಿಸುವವರು ಈ ಸಂಗತಿಯನ್ನೂ ನೆನಪಿನಲ್ಲಿಡಬೇಕು. ಆಕೆಯೂ ಹೆತ್ತವರ ಮನೆಯಿಂದ ಕೊಡಲ್ಪಟ್ಟ ಮಗುವೇ ಆಗಿದ್ದಳು.

ಒಮ್ಮೆ ಕುಂತಿಭೋಜನ ಅರಮನೆಗೆ ಮಹಾತೇಜಸ್ವಿಯಾದ ಒಬ್ಬ ಬ್ರಾಹ್ಮಣನು ಅತಿಥಿಯಾಗಿ ಬಂದನು. ಇವನೇ ದೂರ್ವಾಸ ಮಹರ್ಷಿ. ಮುಂಗೋಪಕ್ಕೆ ಹೆಸರಾದ ಈ ಮುನಿಯ ಸೇವೆಗೆ ಅರಸನು ಮಗಳನ್ನೇ ನಿಯೋಜಿಸಿದನು. ಬೆಳಿಗ್ಗೆ ಬರುವೆನೆಂದು ಹೇಳಿ ಹೋದ ಮುನಿ ಸಂಜೆಗೋ ನಡುರಾತ್ರಿಗೋ ಬರುತ್ತಿದ್ದನು. ಬಂದೊಡನೆ ಸುಲಭವಾಗಿ ಸಿಗದ ಆಹಾರವನ್ನು ಕೇಳುತ್ತಿದ್ದನು. ಹುಡುಗಿ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಒಂದು ವರ್ಷ ಕಳೆಯಿತು. ತೃಪ್ತನಾದ ಮುನಿ ವರವನ್ನು ಬೇಡೆಂದಾಗ, ತಮಗೂ ತಂದೆಗೂ ಸಂತೋಷವಾಗಿದ್ದರೆ ಅದೇ ತನಗೆ ಸಾಕೆಂದು ಕುಂತಿ ನಿರಾಕರಿಸಿದಳು. ಆದರೂ ಮುನಿಯು ಬಿಡದೆ, ಯಾವ ದೇವತೆಯನ್ನು ಬೇಕಾದರೂ ಕರೆಯಬಲ್ಲ ಒಂದು ಮಂತ್ರವನ್ನು ಆಕೆಗೆ ಉಪದೇಶಿಸಿ ಹೊರಟುಹೋದನು. ಬೇಡದೆ ಬಂದ ವರ ಅದು.

ಕುಂತಿ ಆಗತಾನೆ ಯೌವನಕ್ಕೆ ಕಾಲಿಟ್ಟಿದ್ದಳು. ಒಂದು ಮುಂಜಾನೆ ಉಪ್ಪರಿಗೆಯ ಮೇಲಿದ್ದಾಗ ಉದಯಿಸುತ್ತಿದ್ದ ಸೂರ್ಯಬಿಂಬ ಆಕೆಯ ಕಣ್ಣಿಗೆ ಬಿತ್ತು. ಆ ಬಿಂಬದ ನಡುವೆ ಕವಚವನ್ನು ತೊಟ್ಟು, ಕುಂಡಲಗಳನ್ನು ಧರಿಸಿದ ದೇವನ ಆಕೃತಿ ಕಂಡಂತಾಯಿತು. ಮುನಿ ಕೊಟ್ಟ ಮಂತ್ರ ನಿಜವೋ ಸುಳ್ಳೋ ನೋಡೋಣವೆಂಬ ಬಾಲಕುತೂಹಲದಿಂದ ಆಕೆ ಮಂತ್ರವನ್ನು ಉಚ್ಚರಿಸಿದಳು. ಮರುಕ್ಷಣದಲ್ಲಿ ಸೂರ್ಯನು ಎದುರಿಗೆ ನಿಂತಿದ್ದನು. ಬೆಚ್ಚಿದ ಹುಡುಗಿ ತಾನು ಕುತೂಹಲಕ್ಕಾಗಿ ಮಾತ್ರ ಕರೆದೆನೆಂದೂ, ದಯಮಾಡಿ ಮರಳಬೇಕೆಂದೂ ಅಂಗಲಾಚಿದಳು. ಕರೆದು ವ್ಯರ್ಥವಾಗಿ ಕಳುಹಿಸುವುದು ತಕ್ಕುದಲ್ಲ, ಹಾಗಾದರೆ ಆಕೆಯ ತಂದೆಯನ್ನೂ ಮಂತ್ರವನ್ನಿತ್ತ ಮುನಿಯನ್ನೂ ದಹಿಸುವೆನೆಂದು ಸೂರ್ಯನು ನುಡಿದನು. ತನ್ನಿಂದ ತಂದೆಗೆ ಕೇಡಾಗಬಾರದೆಂದು ಕುಂತಿ ಸಮ್ಮತಿಸಿದಳು. ಹುಟ್ಟುವ ಮಗನಿಗೆ ಸೂರ್ಯನಂತೆಯೇ ಕವಚಕುಂಡಲಗಳು ಇರಬೇಕೆಂದು ಮಾತ್ರ ಬೇಡಿಕೊಂಡಳು. ಭಯದ ನಡುವೆಯೂ ಇನ್ನೂ ಹುಟ್ಟದ ಮಗುವಿನ ರಕ್ಷಣೆಯನ್ನು ಆಕೆ ಯೋಚಿಸಿದ್ದಳು. ಸೂರ್ಯನು ಒಪ್ಪಿದನು. ಆಕೆಯ ಕನ್ಯಾಭಾವಕ್ಕೆ ಕುಂದು ಬಾರದೆಂದು ಅಭಯವನ್ನೂ ಕೊಟ್ಟನು. ಆದರೆ ದೇವತೆಯ ಅಭಯಕ್ಕೆ ಜನರ ನಾಲಗೆಯನ್ನು ಕಟ್ಟುವ ಶಕ್ತಿ ಇರಲಿಲ್ಲ.

ಕುಂತಿ ಗರ್ಭವನ್ನು ಮರೆಮಾಚಿಕೊಂಡಳು. ಸಾಕಿದ ದಾದಿಯೊಬ್ಬಳಿಗಲ್ಲದೆ ಅರಮನೆಯಲ್ಲಿ ಮತ್ತಾರಿಗೂ ಅದು ತಿಳಿಯಲಿಲ್ಲ. ಸಕಾಲದಲ್ಲಿ ಗಂಡುಮಗು ಹುಟ್ಟಿತು. ಮೈಗೆ ಅಂಟಿದ ಹೊನ್ನಿನ ಕವಚ, ಕಿವಿಗಳಲ್ಲಿ ಥಳಥಳಿಸುವ ಕುಂಡಲಗಳು, ಸಿಂಹದ ಕಣ್ಣು, ಗೂಳಿಯ ಹೆಗಲು. ಅಂತಹ ಮಗುವನ್ನು ಅರಮನೆಯಲ್ಲಿ ಬಚ್ಚಿಡುವುದು ಸಾಧ್ಯವಿರಲಿಲ್ಲ. ದಾದಿಯೊಡನೆ ಆಲೋಚಿಸಿ ಕುಂತಿ ಒಂದು ಪೆಟ್ಟಿಗೆಯನ್ನು ತರಿಸಿದಳು. ಒಳಗೆ ಮೆತ್ತನೆಯ ಹಾಸಿಗೆಯನ್ನು ಹಾಸಿ, ನೀರು ಒಸರದಂತೆ ಸಂದುಗಳಿಗೆ ಜೇನುಮೇಣವನ್ನು ಮೆತ್ತಿ, ಮಗುವನ್ನು ಮಲಗಿಸಿ ಮುಚ್ಚಳವನ್ನು ಮುಚ್ಚಿದರು. ನಡುರಾತ್ರಿಯಲ್ಲಿ ಅಶ್ವನದಿಯ ನೀರಿಗೆ ಅದನ್ನು ಬಿಟ್ಟರು.

ಆ ಹೊತ್ತಿನಲ್ಲಿ ಕುಂತಿ ಪಟ್ಟ ದುಃಖವನ್ನು ವ್ಯಾಸರು ಸ್ವಲ್ಪ ವಿಸ್ತಾರವಾಗಿಯೇ ಹೇಳಿದ್ದಾರೆ. ನೆಲ ಜಲ ಆಕಾಶಗಳ ದೇವತೆಗಳೆಲ್ಲ ಮಗುವನ್ನು ಕಾಯಲೆಂದು ಆಕೆ ಹರಸಿದಳು. ಎಷ್ಟು ದೂರದ ನಾಡಿನಲ್ಲಿದ್ದರೂ ಕವಚಕುಂಡಲಗಳಿಂದ ಅವನನ್ನು ಗುರುತಿಸುವೆನೆಂದು ತನ್ನನ್ನು ತಾನೇ ಸಂತೈಸಿಕೊಂಡಳು. ಅನಂತರ ಆಕೆಯ ಮನಸ್ಸು ಇನ್ನೊಬ್ಬ ಹೆಂಗಸಿನತ್ತ ಹರಿಯಿತು. ಯಾರ ಮಡಿಲಲ್ಲಿ ಈ ಮಗು ಮಲಗುವುದೋ, ಬಾಯಾರಿದಾಗ ಯಾರ ಹಾಲನ್ನು ಕುಡಿಯುವುದೋ, ಧೂಳು ಮೈಯಲ್ಲಿ ತೊದಲುತ್ತ ಅಂಬೆಗಾಲಿಡುವುದನ್ನು ಯಾರು ಕಾಣುವರೋ ಆ ತಾಯಿಯೇ ಧನ್ಯಳೆಂದು ಅತ್ತಳು. ಯಾರೆಂದು ಅರಿಯದ ಆ ತಾಯಿಯ ಮೇಲೆ ಅಸೂಯೆಪಟ್ಟು, ಅವಳನ್ನೇ ಹರಸಿ, ಕುಂತಿ ಅರಮನೆಗೆ ಮರಳಿದಳು. ತಂದೆಗೆ ತಿಳಿದೀತೆಂಬ ಭಯದಿಂದ ಗಟ್ಟಿಯಾಗಿ ಅಳುವಂತೆಯೂ ಇರಲಿಲ್ಲ.

ಪೆಟ್ಟಿಗೆಯು ಅಶ್ವನದಿಯಿಂದ ಚರ್ಮಣ್ವತಿಗೆ, ಚರ್ಮಣ್ವತಿಯಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ ಸೇರಿ ಅಂಗದೇಶದ ಚಂಪಾಪುರಿಯ ಬಳಿಗೆ ಬಂದಿತು. ಚರ್ಮಣ್ವತಿಯೇ ಇಂದಿನ ಚಂಬಲ್. ಅದು ವಿಂಧ್ಯದ ಕಡೆಯಿಂದ ಹರಿದು ಉತ್ತರ ಪ್ರದೇಶದಲ್ಲಿ ಯಮುನೆಯನ್ನು ಕೂಡುತ್ತದೆ. ಯಮುನೆ ಪ್ರಯಾಗದಲ್ಲಿ ಗಂಗೆಯನ್ನು ಸೇರುತ್ತದೆ. ಚಂಪಾಪುರಿಯಿದ್ದುದು ಇಂದಿನ ಬಿಹಾರದ ಭಾಗಲ್ಪುರದ ಬಳಿ. ಬುದ್ಧನ ಕಾಲದ ಆರು ಮಹಾನಗರಗಳಲ್ಲಿ ಅದೂ ಒಂದೆಂದು ಬೌದ್ಧಗ್ರಂಥಗಳು ಹೇಳುತ್ತವೆ. ಭೂಪಟವನ್ನು ಮುಂದಿಟ್ಟುಕೊಂಡು ಈ ನದಿಗಳ ಜಾಡನ್ನು ಬೆರಳಿನಿಂದ ಹಿಂಬಾಲಿಸಿ ನೋಡಿರಿ. ವ್ಯಾಸರು ಹೇಳಿದ ದಾರಿ ಎಲ್ಲಿಯೂ ಕಡಿಯುವುದಿಲ್ಲ; ನಾಲ್ಕು ಹೊಳೆಗಳ ನೀರು ಒಂದೇ ತೊಟ್ಟಿಲನ್ನು ತೂಗಿದಂತೆ ಕಾಣುತ್ತದೆ.

ಅಂಗದೇಶದಲ್ಲಿ ಅಧಿರಥನೆಂಬ ಸೂತನಿದ್ದನು. ಸೂತರೆಂದರೆ ರಥವನ್ನು ನಡೆಸುವವರು. ಅರಸರ ವಂಶಾವಳಿಗಳನ್ನೂ ವೀರಗಾಥೆಗಳನ್ನೂ ನೆನಪಿನಲ್ಲಿಟ್ಟು ಹಾಡುವವರೂ ಅವರೇ. ರಣರಂಗದಲ್ಲಿ ಅರಸನ ಪ್ರಾಣ ಸೂತನ ಕೈಯಲ್ಲಿರುವ ಹಗ್ಗಗಳನ್ನು ಅವಲಂಬಿಸಿರುತ್ತಿತ್ತು. ಆದರೂ ಆ ಕಾಲದ ಸಮಾಜ ಅವರಿಗೆ ಕ್ಷತ್ರಿಯರ ಸಾಲಿನಲ್ಲಿ ಸ್ಥಾನವನ್ನು ಕೊಡಲಿಲ್ಲ. ಅಧಿರಥನು ಹಸ್ತಿನಾಪುರದ ಧೃತರಾಷ್ಟ್ರನ ಗೆಳೆಯ. ಅವನ ಹೆಂಡತಿ ರಾಧೆ ರೂಪವತಿ, ಸುಶೀಲೆ. ಮಕ್ಕಳಿಗಾಗಿ ಆಕೆ ಮಾಡದ ವ್ರತವಿರಲಿಲ್ಲ. ಇಲ್ಲೊಂದು ಸ್ವಾರಸ್ಯವನ್ನು ಹೇಳಬೇಕು: ವಿಷ್ಣುಪುರಾಣವು ಈ ಅಧಿರಥನ ಹೆಸರನ್ನು ಅಂಗದೇಶದ ಅರಸರ ವಂಶಾವಳಿಯಲ್ಲಿಯೇ ಸೇರಿಸಿದೆ. ಮುಂದೆ ಕರ್ಣನಿಗೆ ದೊರೆತ ಸಿಂಹಾಸನದ ವಿಷಯ ಬಂದಾಗ ಇದನ್ನು ನೆನೆಯಬಹುದು.

ಒಂದು ದಿನ ದಂಪತಿಗಳು ಗಂಗೆಗೆ ಹೋದಾಗ ತೇಲಿ ಬರುತ್ತಿದ್ದ ಪೆಟ್ಟಿಗೆಯನ್ನು ಮೊದಲು ಕಂಡವಳು ರಾಧೆ. ಕುಂಕುಮವನ್ನು ಹಚ್ಚಿದ್ದ ಆ ಪೆಟ್ಟಿಗೆಯನ್ನು ಅಲೆಗಳು ದಡದ ಸಮೀಪಕ್ಕೆ ತಂದವು. ಆಕೆ ಅದನ್ನು ಹಿಡಿಸಿ ಗಂಡನಿಗೆ ತಿಳಿಸಿದಳು. ಅಧಿರಥನು ಹತಾರಗಳಿಂದ ಮುಚ್ಚಳವನ್ನು ಬಿಡಿಸಿದನು. ಒಳಗೆ ಎಳೆಬಿಸಿಲಿನಂತೆ ಹೊಳೆಯುವ ಕೂಸು! ಮಕ್ಕಳಿಲ್ಲದ ತಮಗೆ ದೇವತೆಗಳೇ ಕೊಟ್ಟ ಮಗನೆಂದು ಅಧಿರಥನು ಅದನ್ನು ಎತ್ತಿ ಹೆಂಡತಿಯ ಕೈಗಿತ್ತನು. ಎಲ್ಲಿಯದು, ಯಾವ ಕುಲದ್ದು ಎಂಬ ವಿಚಾರಣೆಗೆ ಅವರು ತೊಡಗಲಿಲ್ಲ. ಆ ಪ್ರಶ್ನೆಯನ್ನು ಕೇಳುವವರು ಮುಂದೆ ಬೇರೆ ಇದ್ದರು.

ಮಗುವನ್ನು ಎತ್ತಿಕೊಂಡ ಕ್ಷಣದಲ್ಲಿಯೇ ವಾತ್ಸಲ್ಯದಿಂದ ರಾಧೆಯ ಎದೆಯಲ್ಲಿ ಹಾಲು ತುಂಬಿತಂತೆ. ಈ ಮಾತು ನಮಗೆ ತಿಳಿದುಬರುವುದು ಬೇರಾರಿಂದಲೂ ಅಲ್ಲ, ಕರ್ಣನಿಂದಲೇ. ಅನೇಕ ವರ್ಷಗಳ ಮೇಲೆ, ಕುರುಕ್ಷೇತ್ರದ ಯುದ್ಧ ನಿಶ್ಚಯವಾಗುವ ಹೊತ್ತಿನಲ್ಲಿ, ಶ್ರೀಕೃಷ್ಣನು ಅವನನ್ನು ರಥದಲ್ಲಿ ಕೂರಿಸಿಕೊಂಡು ಜನ್ಮರಹಸ್ಯವನ್ನು ತಿಳಿಸಿದನು. ಪಾಂಡವರ ಅಣ್ಣನಾಗಿ ಬಂದರೆ ಸಿಂಹಾಸನವೇ ಅವನದೆಂದನು. ಕರ್ಣನಿಗೆ ಆ ರಹಸ್ಯ ಆಗಲೇ ತಿಳಿದಿತ್ತು. ಅವನು ಉತ್ತರವಾಗಿ ಹೇಳಿದ್ದು ರಾಧೆಯ ಹಾಲಿನ ವಿಷಯವನ್ನು. ಆಕೆ ತನ್ನ ಮಲಮೂತ್ರಗಳನ್ನು ಎತ್ತಿದವಳೆಂದೂ, ಅಂಥವಳ ಪಿಂಡವನ್ನು ತಪ್ಪಿಸುವುದು ತನ್ನಂಥವನಿಗೆ ಹೇಗೆ ಸಾಧ್ಯವೆಂದೂ ಕೇಳಿದನು. ಅಧಿರಥನು ತನಗೆ ಶಾಸ್ತ್ರೋಕ್ತವಾಗಿ ಜಾತಕರ್ಮವನ್ನು ಮಾಡಿಸಿದನು, ಹೆಸರಿಟ್ಟನು, ಪ್ರಾಯಕ್ಕೆ ಬಂದಾಗ ಸೂತಕುಲದ ಕನ್ಯೆಯರನ್ನು ತಂದು ಮದುವೆ ಮಾಡಿದನು. ಆ ಹೆಂಡಿರಲ್ಲಿಯೂ ಮಕ್ಕಳು ಮೊಮ್ಮಕ್ಕಳಲ್ಲಿಯೂ ತನ್ನ ಹೃದಯ ನೆಟ್ಟಿದೆ ಎಂದನು. ಇಡೀ ಭೂಮಿಯಾಗಲಿ, ಹೊನ್ನಿನ ರಾಶಿಯಾಗಲಿ ಆ ನಂಟನ್ನು ಕಡಿಯಲಾರದೆಂದನು. ದುರ್ಯೋಧನನ ಉಪಕಾರದ ಮಾತು ಬಂದದ್ದು ಇದಾದ ಮೇಲೆ. ಕರ್ಣನು ಮಿತ್ರನ ಋಣಕ್ಕಾಗಿ ಪಾಂಡವರನ್ನು ಸೇರಲಿಲ್ಲವೆಂದು ನಾವು ಹೇಳುತ್ತೇವೆ. ಅದು ದಿಟ. ಆದರೆ ಅವನ ಮಾತಿನ ಸರದಿಯಲ್ಲಿ ಮೊದಲು ನಿಂತವಳು ರಾಧೆ.

ಹುಟ್ಟಿನಿಂದಲೇ ವಸು, ಎಂದರೆ ಸಂಪತ್ತು, ಮೈಮೇಲೆ ಇದ್ದುದರಿಂದ ಬ್ರಾಹ್ಮಣರು ಮಗುವಿಗೆ ವಸುಷೇಣನೆಂದು ಹೆಸರಿಟ್ಟರು. ಕರ್ಣನೆಂಬ ಹೆಸರು ಅವನಿಗೆ ರೂಢಿಯಾದುದು ಮುಂದೆ, ಇಂದ್ರನಿಗೆ ಕವಚಕುಂಡಲಗಳನ್ನು ಕತ್ತರಿಸಿ ಕೊಟ್ಟ ಮೇಲೆ ಎಂದು ವ್ಯಾಸರ ಅಭಿಪ್ರಾಯ. ಊರವರಿಗೆ ಮಾತ್ರ ಅವನು ರಾಧೇಯ, ರಾಧೆಯ ಮಗ. ಅವನು ಮನೆಗೆ ಬಂದ ಬಳಿಕ ಅಧಿರಥನಿಗೆ ಸ್ವಂತ ಮಕ್ಕಳೂ ಹುಟ್ಟಿದರು. ಬೇರೆ ಮನೆಯಾಗಿದ್ದರೆ ಸಾಕುಮಗನ ಪಾಡು ಅಲ್ಲಿಂದ ಬದಲಾಗುತ್ತಿತ್ತೇನೋ. ಇಲ್ಲಿ ಅವನು ಹಿರಿಯ ಮಗನಾಗಿಯೇ ಉಳಿದನು.

ಚಂಪಾಪುರಿಯ ಅವನ ಬಾಲ್ಯದ ಆಟಪಾಠಗಳನ್ನು ವ್ಯಾಸರು ವರ್ಣಿಸಿಲ್ಲ. ನಾವು ಕಲ್ಪಿಸಿ ಹೇಳುವುದೂ ಬೇಡ. ಬಲಶಾಲಿಯಾಗಿ ಬೆಳೆದನೆಂದು ಮಾತ್ರ ಹೇಳಿ ಮುಂದೆ ಸಾಗುತ್ತಾರೆ. ಅವನ ಒಂದು ನಿತ್ಯನಿಯಮವನ್ನು ಮಾತ್ರ ಆದಿಪರ್ವ ಮರೆಯದೆ ಹೇಳುತ್ತದೆ. ಬೆನ್ನು ಸುಡುವಷ್ಟು ಹೊತ್ತು ಅವನು ಸೂರ್ಯನಿಗೆ ಅಭಿಮುಖನಾಗಿ ನಿಂತು ಜಪಿಸುತ್ತಿದ್ದನು. ಆ ಹೊತ್ತಿನಲ್ಲಿ ಬಂದು ಬೇಡಿದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಯಾರನ್ನು ಪೂಜಿಸುತ್ತಿರುವೆನೋ ಅವನು ತನ್ನ ತಂದೆಯೆಂಬುದು ಆ ತರುಣನಿಗೆ ಆಗ ತಿಳಿದಿರಲಿಲ್ಲ.

ಆದರೆ ಕುಂತಿಗೆ ತಿಳಿದಿತ್ತು. ದಿವ್ಯಕವಚವನ್ನು ಧರಿಸಿದ ಬಾಲಕನೊಬ್ಬನು ಅಂಗದೇಶದ ಸೂತನ ಮನೆಯಲ್ಲಿ ಬೆಳೆಯುತ್ತಿರುವನೆಂದು ಚಾರರ ಮೂಲಕ ಆಕೆ ಅರಿತಿದ್ದಳು. ಪಾಂಡುರಾಜನ ಪತ್ನಿಯಾದಾಗಲೂ, ಅವನು ತೀರಿದ ಮೇಲೆ ಎಳೆಯ ಮಕ್ಕಳೊಂದಿಗೆ ಹಸ್ತಿನಾಪುರಕ್ಕೆ ಬಂದಾಗಲೂ ಆ ಗುಟ್ಟು ಆಕೆಯೊಡನೆಯೇ ಇತ್ತು. ವಿಧಿಯ ಆಟವೆಂದರೆ, ಅಧಿರಥನು ಬೆಳೆದ ಮಗನನ್ನು ವಿದ್ಯೆಗಾಗಿ ಕಳುಹಿಸಿದ್ದೂ ಅದೇ ಹಸ್ತಿನಾಪುರಕ್ಕೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಸೂತಪುತ್ರನೆಂದು ದ್ರೋಣರು ಕರ್ಣನನ್ನು ಗುರುಕುಲಕ್ಕೆ ಸೇರಿಸಲಿಲ್ಲವೆಂಬ ಕಥೆ ಜನರಲ್ಲಿ ಬಹಳವಾಗಿ ಹಬ್ಬಿದೆ. ವ್ಯಾಸಭಾರತದಲ್ಲಿ ಹಾಗಿಲ್ಲ. ವೃಷ್ಣಿಗಳು, ಅಂಧಕರು, ನಾನಾ ದೇಶದ ರಾಜಕುಮಾರರು ದ್ರೋಣರ ಬಳಿಗೆ ಬಂದಾಗ ಅವರೊಡನೆ ರಾಧೇಯನೂ ಬಂದನು. ಅಲ್ಲಿ ಅವನು ಧನುರ್ವಿದ್ಯೆಯನ್ನು ಕಲಿತನು, ಅರ್ಜುನನೊಡನೆ ಸ್ಪರ್ಧಿಸಿದನು, ದುರ್ಯೋಧನನ ಸ್ನೇಹವನ್ನು ಸಂಪಾದಿಸಿ ಪಾಂಡವರನ್ನು ಹೀಯಾಳಿಸುವುದನ್ನೂ ಕಲಿತನು. ಈ ಕಡೆಯ ಮಾತನ್ನು ಮುಚ್ಚಿಡುವುದು ಕರ್ಣನಿಗೆ ನಾವು ಮಾಡುವ ಉಪಕಾರವೇನೂ ಅಲ್ಲ. ತನಗಿಂತ ಅರ್ಜುನನು ಮುಂದಾಗುತ್ತಿರುವನೆಂಬ ಮತ್ಸರ ಅವನನ್ನು ಬಾಲ್ಯದಲ್ಲಿಯೇ ಹಿಡಿದಿತ್ತು. ಬಡಿತ ಬಿದ್ದದ್ದು ಬೇರೊಂದು ದಿನ. ಏಕಾಂತದಲ್ಲಿ ಅವನು ದ್ರೋಣರನ್ನು ಬ್ರಹ್ಮಾಸ್ತ್ರಕ್ಕಾಗಿ ಪ್ರಾರ್ಥಿಸಿದಾಗ, ಅದನ್ನು ವ್ರತಸ್ಥನಾದ ಬ್ರಾಹ್ಮಣನೋ ತಪಸ್ವಿಯಾದ ಕ್ಷತ್ರಿಯನೋ ಮಾತ್ರ ಅರಿಯಬಹುದು, ಬೇರಾರೂ ಅಲ್ಲ ಎಂದು ಅವರು ಹೇಳಿಬಿಟ್ಟರು. ಅರ್ಜುನನ ಮೇಲಣ ಪಕ್ಷಪಾತವೂ, ಕರ್ಣನ ಮನಸ್ಸಿನ ಕಹಿಯನ್ನು ಕಂಡದ್ದೂ ಈ ಉತ್ತರಕ್ಕೆ ಕಾರಣವಾಗಿದ್ದವು. ಆದರೆ ಬಾಯಿಂದ ಬಂದ ಕಾರಣ ಕುಲವೊಂದೇ.

ಕರ್ಣನು ಗುರುವಿಗೆ ವಂದಿಸಿ ನೇರವಾಗಿ ಮಹೇಂದ್ರಪರ್ವತಕ್ಕೆ ನಡೆದನು. ಒಡಿಶಾದ ಪೂರ್ವಘಟ್ಟಗಳಲ್ಲಿ ಸುಮಾರು 1500 ಮೀಟರ್ ಎತ್ತರದ ಮಹೇಂದ್ರಗಿರಿ ಇಂದಿಗೂ ಈ ನೆನಪನ್ನು ಹೊತ್ತು ನಿಂತಿದೆ. ಅಲ್ಲಿ ಪರಶುರಾಮರು ತಪಸ್ಸಿನಲ್ಲಿದ್ದರು. ಕ್ಷತ್ರಿಯರನ್ನು ಇಪ್ಪತ್ತೊಂದು ಬಾರಿ ಸಂಹರಿಸಿದ ಆ ಮುನಿಯ ಪಾದಕ್ಕೆರಗಿ, ತಾನು ಭೃಗುವಂಶದ ಬ್ರಾಹ್ಮಣನೆಂದು ಕರ್ಣನು ಹೇಳಿಕೊಂಡನು. ಸುಳ್ಳು ಸುಳ್ಳೇ, ಅದರ ಫಲವನ್ನು ಅವನು ಉಂಡನು. ಆದರೆ ದಿಟವನ್ನು ನುಡಿದಲ್ಲಿ ಮುಚ್ಚಿದ ಬಾಗಿಲು ಸುಳ್ಳಾಡಿದಲ್ಲಿ ತೆರೆಯಿತೆಂಬುದನ್ನು ಓದುಗರು ಗಮನಿಸದಿರುವುದು ಹೇಗೆ? ಪರಶುರಾಮರು ಅವನನ್ನು ಪ್ರೀತಿಯಿಂದ ಸ್ವೀಕರಿಸಿದರು. ಬ್ರಹ್ಮಾಸ್ತ್ರವನ್ನೂ ಅದರ ಪ್ರಯೋಗ ಉಪಸಂಹಾರಗಳನ್ನೂ ಕಲಿಸಿದರು.

ಆ ದಿನಗಳಲ್ಲಿ ಒಮ್ಮೆ ಸಮುದ್ರದ ದಡದಲ್ಲಿ ಬಿಲ್ಲು ಹಿಡಿದು ಒಬ್ಬನೇ ತಿರುಗುತ್ತಿದ್ದ ಕರ್ಣನಿಂದ, ಅರಿಯದೆ, ಅಗ್ನಿಹೋತ್ರಿಯೊಬ್ಬನ ಹೋಮಧೇನು ಸತ್ತಿತು. ತಪ್ಪನ್ನು ಮುಚ್ಚಿಡದೆ ಅವನೇ ಹೋಗಿ ತಿಳಿಸಿದನು. ಗೋವುಗಳನ್ನೂ ರತ್ನಗಳನ್ನೂ ಕೊಡುವೆನೆಂದು ಬೇಡಿದನು. ಬ್ರಾಹ್ಮಣನು ಸಮಾಧಾನಗೊಳ್ಳಲಿಲ್ಲ. ಯಾವ ಶತ್ರುವನ್ನು ಗೆಲ್ಲಲು ಹಗಲಿರುಳು ಹೆಣಗುತ್ತಿರುವೆಯೋ ಅವನೊಡನೆ ಹೋರಾಡುವಾಗ ಭೂಮಿ ನಿನ್ನ ರಥದ ಗಾಲಿಯನ್ನು ನುಂಗಲೆಂದು ಶಪಿಸಿದನು. ತಲೆ ತಗ್ಗಿಸಿ ಕರ್ಣನು ಆಶ್ರಮಕ್ಕೆ ಮರಳಿದನು.

ಇನ್ನೊಂದು ದಿನ ಉಪವಾಸದಿಂದ ಬಳಲಿದ್ದ ಪರಶುರಾಮರು ಶಿಷ್ಯನ ತೊಡೆಯ ಮೇಲೆ ತಲೆಯಿಟ್ಟು ನಿದ್ರಿಸಿದರು. ಆಗ ಭಯಂಕರವಾದ ಹುಳುವೊಂದು ಹರಿದು ಬಂದಿತು. ಎಂಟು ಕಾಲು, ಚೂಪಾದ ಹಲ್ಲು, ಸೂಜಿಯಂತಹ ರೋಮ. ಅದು ಕರ್ಣನ ತೊಡೆಯನ್ನು ಕೊರೆಯತೊಡಗಿತು. ಇಂದ್ರನೇ ಹುಳುವಿನ ರೂಪದಿಂದ ಬಂದನೆಂದು ಜನ ಹೇಳುವುದುಂಟು. ಶಾಂತಿಪರ್ವದ ಪ್ರಕಾರ ಅದು ಭೃಗುವಿನ ಶಾಪದಿಂದ ಹುಳುವಾಗಿದ್ದ ಒಬ್ಬ ಅಸುರ. ಹುಳುವನ್ನು ಕಿತ್ತು ಎಸೆಯಲು ಕೈಯೆತ್ತಿದರೆ ಗುರುವಿಗೆ ಎಚ್ಚರವಾದೀತು. ಕರ್ಣನು ಅಲುಗಲಿಲ್ಲ. ನರಳಲಿಲ್ಲ. ಬಿಸಿಯಾದ ನೆತ್ತರು ಹರಿದು ಮೈಗೆ ಸೋಕಿದಾಗ ಗುರುಗಳು ತಾವೇ ಎದ್ದರು. ನಡೆದುದನ್ನು ಕಂಡು ಅವರು ಮೊದಲು ಬೆರಗಾದರು, ಆಮೇಲೆ ಸಂಶಯಗೊಂಡರು. ಇಷ್ಟು ನೋವನ್ನು ಬ್ರಾಹ್ಮಣನು ಸಹಿಸಲಾರ. ನೀನು ಯಾರು ಎಂದು ಕೇಳಿದರು. ತಾನು ಕ್ಷತ್ರಿಯನೆಂದು ಕರ್ಣನು ಹೇಳಲಿಲ್ಲ. ಹಾಗೆ ಹೇಳಲು ಅವನಿಗೆ ತಿಳಿದೂ ಇರಲಿಲ್ಲ. ತಾನು ಸೂತನ ಮಗ, ಜನ ತನ್ನನ್ನು ರಾಧೇಯನೆಂದು ಕರೆಯುತ್ತಾರೆ, ಅಸ್ತ್ರದ ಆಸೆಯಿಂದ ಸುಳ್ಳಾಡಿದೆನೆಂದು ನಡುಗುತ್ತ ಕೈಮುಗಿದನು. ಸಾವು ಸಮೀಪಿಸಿ ಸಮಾನನಾದ ವೀರನೊಡನೆ ಹೋರಾಡುವಾಗ ಬ್ರಹ್ಮಾಸ್ತ್ರ ನೆನಪಿಗೆ ಬಾರದೆ ಹೋಗಲೆಂದು ಗುರು ಶಪಿಸಿದರು. ಆದರೂ ಭೂಮಿಯ ಮೇಲೆ ನಿನ್ನಂತಹ ಯೋಧನು ಕ್ಷತ್ರಿಯರಲ್ಲಿ ಇರಲಾರನೆಂದು ನುಡಿದು ಬೀಳ್ಕೊಟ್ಟರು.

ಈ ಪ್ರಸಂಗ ಕರ್ಣನ ಜೀವನದ ಯಾವ ವರ್ಷದಲ್ಲಿ ನಡೆಯಿತೆಂದು ವ್ಯಾಸರು ಕಟ್ಟುನಿಟ್ಟಾಗಿ ಹೇಳಿಲ್ಲ. ಹಸ್ತಿನಾಪುರದ ಅಸ್ತ್ರಪ್ರದರ್ಶನಕ್ಕೆ ಮುಂಚಿನದೆಂದು ಇಟ್ಟುಕೊಂಡರೆ ಕಥೆಯ ಓಟಕ್ಕೆ ಅನುಕೂಲವಾಗುತ್ತದೆ. ಆ ಪ್ರದರ್ಶನದ ದಿನವೇ ಲೋಕವು ಕರ್ಣನನ್ನು ಮೊದಲ ಬಾರಿಗೆ ಕಣ್ತುಂಬ ಕಂಡಿತು.

ರಾಜಕುಮಾರರ ವಿದ್ಯಾಭ್ಯಾಸ ಮುಗಿದಿತ್ತು. ದ್ರೋಣರ ಸೂಚನೆಯಂತೆ ಧೃತರಾಷ್ಟ್ರನು ವಿಶಾಲವಾದ ರಂಗಭೂಮಿಯನ್ನು ಸಿದ್ಧಪಡಿಸಿದ್ದನು. ಅರಸನೂ ಭೀಷ್ಮನೂ ಆಸೀನರಾಗಿದ್ದರು. ಗಾಂಧಾರಿ ಮತ್ತು ಕುಂತಿ ಅಂತಃಪುರದ ಸ್ತ್ರೀಯರೊಂದಿಗೆ ಮಂಚಿಕೆಯನ್ನೇರಿದ್ದರು. ಪಟ್ಟಣದ ನಾಲ್ಕು ವರ್ಣದ ಜನರೂ ಕಿಕ್ಕಿರಿದು ನೆರೆದಿದ್ದರು. ಕೊನೆಗೆ ಅರ್ಜುನನ ಸರದಿ ಬಂದಿತು. ಒಂದು ಅಸ್ತ್ರದಿಂದ ಬೆಂಕಿಯನ್ನು ಸೃಷ್ಟಿಸಿದನು, ಇನ್ನೊಂದರಿಂದ ನೀರನ್ನು ಸುರಿಸಿದನು. ತಿರುಗುತ್ತಿದ್ದ ಕಬ್ಬಿಣದ ಹಂದಿಯ ಬಾಯಿಗೆ ಒಂದೇ ಬಾಣವೆಂಬಂತೆ ಐದು ಬಾಣಗಳನ್ನು ಹೊಡೆದನು. ಹಗ್ಗದಲ್ಲಿ ತೂಗಾಡುತ್ತಿದ್ದ ಹಸುವಿನ ಕೊಂಬಿನಲ್ಲಿ ಇಪ್ಪತ್ತೊಂದು ಬಾಣಗಳನ್ನು ನೆಟ್ಟನು. ಪ್ರದರ್ಶನ ಮುಗಿಯುತ್ತ ಬಂದು ವಾದ್ಯಗಳ ಸದ್ದು ತಗ್ಗಿದಾಗ, ಬಾಗಿಲ ಕಡೆಯಿಂದ ಸಿಡಿಲಿನಂತೆ ತೋಳು ತಟ್ಟಿದ ಸದ್ದು ಕೇಳಿಸಿತು.

ಜನ ದಾರಿ ಬಿಟ್ಟರು. ಹುಟ್ಟುಗವಚವನ್ನು ತೊಟ್ಟು, ಕುಂಡಲಗಳ ಬೆಳಕಿನಿಂದ ಮುಖವು ಹೊಳೆಯುತ್ತಿರಲು, ನಡೆಯುವ ಬೆಟ್ಟದಂತೆ ಕರ್ಣನು ಒಳಗೆ ಬಂದನು. ದ್ರೋಣರಿಗೂ ಕೃಪರಿಗೂ ಅಷ್ಟೇನೂ ಆದರವಿಲ್ಲದ ನಮಸ್ಕಾರವನ್ನು ಮಾಡಿದನು. ಅರ್ಜುನನು ಮಾಡಿದುದೆಲ್ಲವನ್ನೂ ತಾನೂ ಮಾಡಬಲ್ಲೆನೆಂದನು. ದ್ರೋಣರ ಅನುಮತಿಯನ್ನು ಪಡೆದು ಮಾಡಿಯೂ ತೋರಿಸಿದನು. ಹರ್ಷಗೊಂಡ ದುರ್ಯೋಧನನು ಅವನನ್ನು ಅಪ್ಪಿಕೊಂಡನು. ಅನಂತರ ಕರ್ಣನು ಅರ್ಜುನನೊಡನೆ ದ್ವಂದ್ವಯುದ್ಧವನ್ನು ಬೇಡಿದನು. ಬಾನಿನಲ್ಲಿ ಇಂದ್ರನ ಮೋಡಗಳು ಅರ್ಜುನನ ಮೇಲೆ ನೆರಳು ಹಾಸಿದವು. ಕರ್ಣನು ನಿಂತ ಕಡೆ ಮಾತ್ರ ಬಿಸಿಲು ಬೆಳಗಿತು. ಮಂಚಿಕೆಯ ಮೇಲೆ ಕುಂತಿ ಮೂರ್ಛೆಹೋದಳು. ಗಂಧೋದಕವನ್ನು ಚಿಮುಕಿಸಿ ವಿದುರನು ಉಪಚರಿಸಿದನು. ಎಚ್ಚೆತ್ತು ನೋಡಿದರೆ ಇಬ್ಬರು ಮಕ್ಕಳು ಬಿಲ್ಲುಗಳನ್ನೆತ್ತಿ ಎದುರೆದುರು ನಿಂತಿದ್ದರು.

ಆಗ ದ್ವಂದ್ವಯುದ್ಧದ ನಿಯಮಗಳನ್ನು ಬಲ್ಲ ಕೃಪಾಚಾರ್ಯರು ಮುಂದೆ ಬಂದರು. ಅರ್ಜುನನು ಪಾಂಡುವಿನ ಮಗ, ಕುಂತಿಯ ಕಿರಿಯವನು, ಕುರುವಂಶದವನು. ಅವನೆದುರು ನಿಂತಿರುವ ವೀರನೂ ತನ್ನ ತಾಯಿ, ತಂದೆ, ಕುಲಗಳನ್ನು ಹೇಳಲಿ, ರಾಜಕುಮಾರರು ಅಜ್ಞಾತಕುಲದವರೊಡನೆ ಕಾದುವುದಿಲ್ಲ ಎಂದರು. ಎರಡು ಹೆಸರುಗಳನ್ನು ಹೇಳಬೇಕಾದ ಸಣ್ಣ ಪ್ರಶ್ನೆ. ಉತ್ತರ ಬರಲಿಲ್ಲ. ಮಳೆನೀರಿನ ಭಾರಕ್ಕೆ ಬಾಗಿದ ತಾವರೆಯಂತೆ ಕರ್ಣನ ಮುಖ ನಾಚಿಕೆಯಿಂದ ಕೆಳಗೆ ಬಾಗಿತು. ಉತ್ತರವನ್ನು ಬಲ್ಲವಳು ಸ್ತ್ರೀಯರ ಮಂಚಿಕೆಯಲ್ಲಿದ್ದಳು. ಆಕೆಯೂ ಬಾಯಿ ತೆರೆಯಲಿಲ್ಲ.

ಬಾಯಿ ತೆರೆದವನು ದುರ್ಯೋಧನ. ಸತ್ಕುಲದಲ್ಲಿ ಹುಟ್ಟಿದವನು, ಶೂರನಾದವನು, ಸೇನೆಯನ್ನು ನಡೆಸುವವನು, ಈ ಮೂವರೂ ಅರಸರೆಂದು ಶಾಸ್ತ್ರ ಹೇಳುತ್ತದೆ. ಆದರೂ ಅರಸನಲ್ಲದವನೊಡನೆ ಅರ್ಜುನನು ಕಾದಲಾರನೆಂದಾದರೆ ಇವನನ್ನು ಈಗಲೇ ಅಂಗದೇಶಕ್ಕೆ ಅರಸನನ್ನಾಗಿ ಮಾಡುವೆನೆಂದನು. ಅರಳು ಹೂಗಳು ಬಂದವು, ಹೊನ್ನಿನ ಕೊಡಗಳು ಬಂದವು. ಮಂತ್ರಘೋಷದ ನಡುವೆ ಅಲ್ಲಿಯೇ ಅಭಿಷೇಕ ನಡೆಯಿತು. ಇದಕ್ಕೆ ಪ್ರತಿಯಾಗಿ ಏನನ್ನು ಕೊಡಲೆಂದು ಕರ್ಣನು ಕೇಳಿದಾಗ, ಎಂದೆಂದಿಗೂ ಮುಗಿಯದ ಸ್ನೇಹವೊಂದೇ ಸಾಕೆಂದು ದುರ್ಯೋಧನನು ಹೇಳಿದನು. ಈ ಔದಾರ್ಯದಲ್ಲಿ ಅರ್ಜುನನಿಗೆ ಎದುರಾಳಿಯನ್ನು ಸಂಪಾದಿಸಿಕೊಳ್ಳುವ ಲೆಕ್ಕಾಚಾರವಿತ್ತು ಎನ್ನುವುದು ಸ್ಪಷ್ಟ. ಆದರೆ ನೆರೆದ ಅಷ್ಟು ದೊಡ್ಡ ಸಭೆಯಲ್ಲಿ ಕರ್ಣನ ಪರವಾಗಿ ಕೈಯೆತ್ತಿದವನು ಅವನೊಬ್ಬನೇ ಎನ್ನುವುದೂ ಅಷ್ಟೇ ಸ್ಪಷ್ಟ.

ಅಭಿಷೇಕದ ನೀರು ಇನ್ನೂ ಆರಿರಲಿಲ್ಲ. ಮುದುಕನೊಬ್ಬನು ಊರುಗೋಲನ್ನು ಊರಿಕೊಂಡು, ಬೆವರಿನಿಂದ ತೊಯ್ದು, ನಡುಗುತ್ತ, ಜಾರಿದ ಉತ್ತರೀಯದ ಅರಿವೂ ಇಲ್ಲದೆ ಮಗನನ್ನು ಕೂಗುತ್ತ ರಂಗದೊಳಕ್ಕೆ ಬಂದನು. ಅವನು ಅಧಿರಥ.

ಒಂದು ಕ್ಷಣ ಕರ್ಣನ ನಿಲುವನ್ನು ಯೋಚಿಸಿ ನೋಡಿರಿ. ತಂದೆ ಯಾರೆಂದು ಕೇಳಿದಾಗ ತಲೆ ತಗ್ಗಿಸಿದ್ದ ಯುವಕನು ಈಗ ಅರಸನಾಗಿದ್ದಾನೆ. ಕುಲದ ಪ್ರಶ್ನೆಯನ್ನು ಕಿರೀಟವು ಮುಚ್ಚಿದೆ. ಎದುರಿಗೆ ಬರುತ್ತಿರುವ ಸೂತನನ್ನು ಅರಿಯದವನಂತೆ ನಿಂತಿದ್ದರೆ ಸಾಕಾಗಿತ್ತು. ಅವನ ಸೇವಕರು ಮುದುಕನನ್ನು ಸಾವಕಾಶವಾಗಿ ಹೊರಗೆ ಕರೆದೊಯ್ಯುತ್ತಿದ್ದರು. ಕರ್ಣನು ಹಾಗೆ ಮಾಡಲಿಲ್ಲ. ಬಿಲ್ಲನ್ನು ಕೆಳಗಿಟ್ಟನು. ಅಭಿಷೇಕದ ನೀರಿನಿಂದ ಒದ್ದೆಯಾಗಿದ್ದ ತಲೆಯನ್ನು ಬಾಗಿಸಿ, ಎಲ್ಲರೂ ನೋಡುತ್ತಿರಲು, ತಂದೆಗೆ ನಮಸ್ಕರಿಸಿದನು. ಕೃಪಾಚಾರ್ಯರ ಪ್ರಶ್ನೆಗೆ ಉತ್ತರ ದೊರೆತದ್ದು ಈಗ. ಅರಸನಾದವನು ತನ್ನ ಕಾಲಿಗೆರಗುವುದು ತರವಲ್ಲವೆಂದು ಅಧಿರಥನು ಸಂಭ್ರಮದಿಂದ ಬಟ್ಟೆಯ ಸೆರಗಿನಲ್ಲಿ ತನ್ನ ಪಾದಗಳನ್ನು ಮುಚ್ಚಿಕೊಂಡನು. ಮಗನೇ ಎಂದು ಕರೆದು ಅಪ್ಪಿಕೊಂಡನು. ಆ ಒದ್ದೆ ತಲೆಯನ್ನು ಮುದುಕನ ಕಣ್ಣೀರು ಮತ್ತೊಮ್ಮೆ ತೋಯಿಸಿತು.

ಇದನ್ನು ಕಂಡು ಭೀಮಸೇನನು ನಕ್ಕನು. ಸೂತನ ಮಗನಿಗೆ ಅರ್ಜುನನ ಕೈಯಲ್ಲಿ ಸಾಯುವ ಯೋಗ್ಯತೆಯಿಲ್ಲ, ಕುಲಕ್ಕೆ ತಕ್ಕಂತೆ ಬಾರುಕೋಲನ್ನು ಹಿಡಿಯಲಿ, ಯಜ್ಞದ ಹವಿಸ್ಸಿಗೆ ನಾಯಿ ಹೇಗೆ ಅರ್ಹವಲ್ಲವೋ ಅಂಗರಾಜ್ಯಕ್ಕೆ ಇವನು ಹಾಗೆ ಎಂದು ಹೀಯಾಳಿಸಿದನು. ನುಡಿದವನು ತಮ್ಮ, ಕೇಳಿಸಿಕೊಂಡವನು ಅಣ್ಣ. ಇಬ್ಬರಿಗೂ ಅದು ಗೊತ್ತಿಲ್ಲ. ಕರ್ಣನ ತುಟಿ ಅದುರಿತು. ಅವನು ಮಾತನಾಡಲಿಲ್ಲ, ನಿಟ್ಟುಸಿರಿಟ್ಟು ಆಕಾಶದಲ್ಲಿದ್ದ ಸೂರ್ಯನನ್ನು ನೋಡಿದನು. ದುರ್ಯೋಧನನೇ ರೋಷದಿಂದ ಎದ್ದು, ಶೂರರ ಮೂಲವನ್ನೂ ನದಿಗಳ ಮೂಲವನ್ನೂ ಹುಡುಕಹೊರಡುವುದು ವ್ಯರ್ಥವೆಂದನು. ದ್ರೋಣರೂ ಕೃಪರೂ ಯಾವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೆಂದು ಕೇಳಿದನು. ಪಾಂಡವರ ಹುಟ್ಟನ್ನೂ ಬಲ್ಲೆನೆಂದನು. ಕವಚಕುಂಡಲಗಳೊಡನೆ ಹುಟ್ಟಿದ ಹುಲಿಯನ್ನು ಜಿಂಕೆಯು ಹೆತ್ತೀತೇ ಎಂದನು. ಸಭೆಯಲ್ಲಿ ಗದ್ದಲವೆದ್ದಿತು. ಅಷ್ಟರಲ್ಲಿ ಸೂರ್ಯನು ಮುಳುಗಿದನು.

ದುರ್ಯೋಧನನು ಕರ್ಣನ ಕೈಯನ್ನು ಹಿಡಿದುಕೊಂಡು ದೀವಟಿಗೆಗಳ ಬೆಳಕಿನಲ್ಲಿ ರಂಗದಿಂದ ಹೊರಟನು. ಪಾಂಡವರು ದ್ರೋಣ, ಕೃಪ, ಭೀಷ್ಮರೊಡನೆ ತಮ್ಮ ಬಿಡಾರಗಳಿಗೆ ತೆರಳಿದರು. ಲೋಕದಲ್ಲಿ ಕರ್ಣನಿಗೆ ಸಮಾನನಾದ ಬಿಲ್ಲುಗಾರನಿಲ್ಲವೆಂಬ ಎಣಿಕೆ ಅಂದಿನಿಂದ ಯುಧಿಷ್ಠಿರನ ಮನಸ್ಸಿನಲ್ಲಿ ನಿಂತಿತು. ಜನರಲ್ಲಿ ಕೆಲವರು ಅರ್ಜುನನ ಹೆಸರನ್ನೂ ಕೆಲವರು ಕರ್ಣನ ಹೆಸರನ್ನೂ ಹೇ​ಳಿಕೊಳ್ಳುತ್ತ ಮನೆಗಳಿಗೆ ಹೋದರು. ಅಂಗದೇಶದ ಪಟ್ಟವೇರಿದ ತನ್ನ ಚೊಚ್ಚಲ ಮಗನನ್ನು ಗುರುತಿಸಿದ ಕುಂತಿ ಒಳಗೊಳಗೇ ಹಿಗ್ಗಿದಳು. ಆ ಹಿಗ್ಗನ್ನು ಹಂಚಿಕೊಳ್ಳಲು ಆಕೆಗೆ ಯಾರೂ ಇರಲಿಲ್ಲ.